ಬಾರದವನೇ ಕಾರ್ಯದರ್ಶಿ

ನಮ್ಮವರ ಸಮಾಜಸೇವೆಯ ಕ್ಲಬ್ಬಿಗೆ ಸ್ವಂತ ಕಟ್ಟಡವಿಲ್ಲ. ಇರುವುದು ನಮ್ಮ ಮನೆ. ಕ್ಲಬ್ಬಿನ ಸಾಮಾನು ಕಾರ್ಯದರ್ಶಿಯ ಮನೆಯಲ್ಲೇ ಇರಬೇಕೆಂದು ಯಾರೋ ಪುಣ್ಯಾತ್ಮರು ನಿಯಮ ಮಾಡಿಟ್ಟಿದ್ದಾರೆ. ನನ್ನ ಗಂಡ ಎಷ್ಟೋ ವರ್ಷಗಳಿಂದ ಕಾರ್ಯದರ್ಶಿ. ಹಾಗಾಗಿ ಕೆಳಗಿನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ: ಮಡಚುವ ಕುರ್ಚಿಗಳು, ಲಕ್ಕಿ ಡ್ರಾ ಡಬ್ಬ, ಬ್ಯಾನರಿನ ಸುರುಳಿಗಳು, ಬಡವರಿಗೆಂದು ಜನ ಕೊಟ್ಟ ಹಳೆ ಬಟ್ಟೆಯ ಗಂಟುಗಳು. ಕೊಡುವವರ ಕೈ ದೊಡ್ಡದು, ನಿಜ. ಗುಂಡಿ ಕಿತ್ತುಹೋದದ್ದನ್ನೇ ಹುಡುಕಿ ಹುಡುಕಿ ಕೊಡುತ್ತಾರೆ. ಆ ಗುಂಡಿಗಳನ್ನು ಹೊಲಿಯುವವಳು ನಾನು. ಯಾರಿಗೋ ಒಳ್ಳೆಯದಾಗುತ್ತದಲ್ಲ ಎಂದು ಮೊದಮೊದಲು ಖುಷಿಯಿಂದಲೇ ಹೊಲಿದೆ. ಈಗ ಸೂಜಿ ಕಂಡರೆ ಮೈ ಉರಿಯುತ್ತದೆ.

ಕಾರ್ಯದರ್ಶಿಯನ್ನು ಆರಿಸುವ ಪದ್ಧತಿಯೂ ಲೋಕದಲ್ಲಿಲ್ಲದ್ದು. ಆ ಕೆಲಸ ಯಾರಿಗೂ ಬೇಡ. ಅದಕ್ಕೇ ವಾರ್ಷಿಕ ಸಭೆಗೆ ಯಾರು ಬರುವುದಿಲ್ಲವೋ ಅವರ ಕೊರಳಿಗೆ ಕಟ್ಟುತ್ತಾರೆ. ಎಲ್ಲರೂ ಬಂದರೆ ಹಳೆಯ ಕಾರ್ಯದರ್ಶಿಯೇ ಗತಿ. ವರ್ಷವಿಡೀ ಮುಖ ತೋರಿಸದವರು ಕೂಡ ಆ ದಿನ ಜ್ವರವಿದ್ದರೂ ಬಂದು ಕೂರುತ್ತಾರೆ. ಸಭೆ ನಡೆಯುವುದೂ ನಮ್ಮ ಕೆಳಗಿನ ಕೋಣೆಯಲ್ಲೇ.

ಈ ಸಲ ನನಗೆ ಆ ಕೋಣೆ ಬೇಕೇ ಬೇಕಿತ್ತು. ಅಕ್ಕ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಳು. ಅಮ್ಮ ಹೋದ ಮೇಲೆ ನನಗೆ ಜಡೆ ಹೆಣೆದು ಶಾಲೆಗೆ ಕಳಿಸಿದವಳು ಅವಳು. ಅವಳಿಗೂ ನನ್ನನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಮೆಟ್ಟಿಲು ಹತ್ತುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದರು, ನಮ್ಮ ಮಲಗುವ ಕೋಣೆಗಳೆಲ್ಲ ಮೇಲೆ.

"ಈ ಸಭೇಲಿ ಕೈ ತೊಳ್ಕೊಂಡುಬಿಡ್ತೀನಿ. ಯಾರು ಏನೇ ಅಂದ್ಕೊಳ್ಳಲಿ" ಎಂದು ಗಂಡ ಮಾತು ಕೊಟ್ಟಿದ್ದರು. ಅವರು ಸುಳ್ಳುಗಾರರಲ್ಲ. ಯಾರಿಗೂ ಇಲ್ಲ ಎನ್ನಲು ಬಾರದವರು, ಅಷ್ಟೇ. ಕಟ್ಟಿಕೊಂಡವಳಿಗೆ ಅದು ಇನ್ನೂ ಕಷ್ಟ.

ಸಭೆಯ ಬೆಳಿಗ್ಗೆ ಆಸ್ಪತ್ರೆಯಿಂದ ಫೋನು ಬಂತು. ನಾಡಿದ್ದು ಕಳಿಸುತ್ತೇವೆ ಎಂದಿದ್ದವರು ಹಾಸಿಗೆ ಬೇರೆಯವರಿಗೆ ಬೇಕು, ಇವತ್ತೇ ಕರೆದುಕೊಂಡು ಹೋಗಿ ಎಂದರು.

"ಸಭೆ ಹೊತ್ತಿಗೆ ಬಂದುಬಿಡ್ತೀನಿ ಕಣೇ. ಸ್ವಲ್ಪ ಕಾಯೋಕೆ ಹೇಳು" ಎಂದು ಗಂಡ ಓಡಿದರು.

ಅವರು ಬರಲಿಲ್ಲ, ಸದಸ್ಯರು ಬಂದರು. ಫೋಟೋ ಸ್ಟುಡಿಯೋ ಇಟ್ಟಿರುವ ಸದಸ್ಯರೊಬ್ಬರನ್ನು ನಾವು ಫೋಟೋದವರು ಎನ್ನುತ್ತೇವೆ; ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಅವರನ್ನು ಇಬ್ಬರು ಹೆಗಲು ಕೊಟ್ಟು ಹೊತ್ತು ತಂದರು. ಜಾಗವಿಲ್ಲದ್ದಕ್ಕೆ ಎಲ್ಲರೂ ಬಟ್ಟೆಯ ಗಂಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಔಷಧಿ ಅಂಗಡಿಯ ಯಜಮಾನರು ಕ್ಲಬ್ಬಿನ ಅಧ್ಯಕ್ಷರು. ಯಾರು ಬಂದಿಲ್ಲವೆಂದು ಅವರು ಕತ್ತು ಉದ್ದ ಮಾಡಿ ತಲೆ ಎಣಿಸಿದರು.

"ಕಾರ್ಯದರ್ಶಿಯೇ ಬಂದಿಲ್ಲ!" ಎಂದು ಮೈಕ್ ಕೂಗಿದ. ವೇದಿಕೆ ಹತ್ತಿದರೆ ಇಳಿಯದವನಾದ್ದರಿಂದ ಅವನಿಗೆ ಆ ಹೆಸರು.

ನಾನು ಟೀ ತಟ್ಟೆ ಹಿಡಿದು ನಿಂತಿದ್ದೆ. "ನಮ್ಮಕ್ಕನ್ನ ಕರ್ಕೊಂಡು ಬರೋಕೆ ಹೋಗಿದಾರೆ. ಇನ್ನೇನು ಬಂದುಬಿಡ್ತಾರೆ. ಈ ಸಲ ಅವರು ಬಿಡ್ತಾರಂತೆ. ಅಕ್ಕನಿಗೆ ಈ ಕೋಣೆ ಬೇಕು" ಎಂದೆ.

"ಅಯ್ಯೋ ಪಾಪ" ಎಂದರು ಅಧ್ಯಕ್ಷರು. "ಆದ್ರೆ ಅತ್ತಿಗೆ, ನಿಯಮ ಅಂದ್ಮೇಲೆ ನಿಯಮ. ನಮ್ಮ ಫೋಟೋದವರನ್ನ ನೋಡಿ, ಕಾಲು ಮುರಿದ್ರೂ ಬಂದಿದಾರೆ."

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಫೋಟೋದವರು. ಬಂದಿದ್ದರೂ ನನ್ನ ಗಂಡನೇ, ಬಾರದಿದ್ದರೂ ನನ್ನ ಗಂಡನೇ. ಹಣೆಬರಹ ಎಂದುಕೊಂಡು ಟೀ ಹಂಚಿದೆ.

ಅಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತಿತು. ಅಕ್ಕ ವಾಕರ್ ಹಿಡಿದು ಒಂದೊಂದೇ ಹೆಜ್ಜೆ ಇಟ್ಟು ಬಂದಳು, ಗಂಡ ಬೆನ್ನಿಗೆ ಕೈ ಕೊಟ್ಟಿದ್ದರು. ಯಾರೋ ಎದ್ದು ಕುರ್ಚಿ ಬಿಟ್ಟರು.

"ಏನೇ ಇದು, ನನ್ನನ್ನ ನೋಡೋಕೆ ಇಷ್ಟು ಜನಾನಾ?" ಎಂದು ಅಕ್ಕ ನಗಲು ನೋಡಿದಳು. ನೋವಿಗೆ ಅವಳ ಮುಖ ಬಿಳುಚಿಕೊಂಡಿತ್ತು.

ಅಧ್ಯಕ್ಷರ ಕಣ್ಣು ಒದ್ದೆಯಾಯಿತು. "ಅಮ್ಮಾ, ನೀವು ಯೋಚನೆ ಮಾಡ್ಬೇಡಿ. ನಿಮ್ಮ ಚಿಕಿತ್ಸೆಗೆ ಕ್ಲಬ್ಬಿಂದ ಒಂದು ಸಹಾಯಾರ್ಥ ಕಾರ್ಯಕ್ರಮ ಮಾಡೇ ಮಾಡ್ತೀವಿ."

"ಹಾಡು, ಲಕ್ಕಿ ಡ್ರಾ, ಎಲ್ಲಾ ಇಡೋಣ!" ಎಂದ ಮೈಕ್. "ಟೀ ಅತ್ತಿಗೆ ನೋಡ್ಕೋತಾರೆ."

ಅವರದು ನಾಟಕವಲ್ಲ. ಮನಸ್ಸಿನಿಂದಲೇ ಹೇಳಿದರು. ನನ್ನನ್ನು ಸುಸ್ತು ಮಾಡುವುದು ಅದೇ.

"ಕಾರ್ಯಕ್ರಮ ಬೇಡ" ಎಂದೆ. "ಒಂದು ಮಂಚ ಹಾಕೋಕೆ ಜಾಗ ಬೇಕು."

ಒಬ್ಬಿಬ್ಬರಿಗೆ ಗಡಿಯಾರ ನೋಡುವ ನೆನಪಾಯಿತು. ಗಂಡ ಅಕ್ಕನ ಮಾತ್ರೆಯ ಚೀಲ ಹಿಡಿದು ನಿಂತಿದ್ದರು. ಈಗ 'ನಾಳೆ ನೋಡೋಣ' ಎನ್ನುತ್ತಾರೆ ಎಂದು ನಾನು ಕಾದೆ. ಕೇಳಿ ಕೇಳಿ ಬಾಯಿಪಾಠವಾಗಿದ್ದ ಮಾತು ಅದು.

"ಈ ಸಲ ಕಾರ್ಯದರ್ಶಿ ಯಾರು?" ಎಂದು ಅವರು ಕೇಳಿದರು.

"ನೀವೇ!" ಎಂದು ಒಂದೇ ಸ್ವರದಲ್ಲಿ ಉತ್ತರ ಬಂತು.

"ಹಾಗಾದ್ರೆ ಕಾರ್ಯದರ್ಶಿ ಹೇಳೋದು ಕೇಳಿ. ಎದ್ದೇಳಿ. ಕೂತಿರೋ ಕುರ್ಚಿ, ತೊಡೆ ಮೇಲಿರೋ ಗಂಟು, ಎಲ್ಲಾ ಅವರವರ ಮನೆಗೆ ತಗೊಂಡು ಹೋಗಿ."

"ಆದ್ರೆ ನಿಯಮ..." ಎಂದರು ಅಧ್ಯಕ್ಷರು.

"ಅದನ್ನೂ ನಿಮ್ಮ ಅಂಗಡಿ ಗೋಡೌನಲ್ಲಿಡಿ. ಅಲ್ಲಿ ಜಾಗ ಇದೆ."

ಗಂಡ ಜನ್ಮದಲ್ಲಿ ಯಾರಿಗೂ ಹಾಗೆ ಹೇಳಿದವರಲ್ಲ. ಸದಸ್ಯರು ಗೊಣಗುತ್ತಾ ಗಂಟು ಹೊತ್ತು ಹೊರಟರು. ಫೋಟೋದವರು ನಡೆಯಲಾರರಲ್ಲ, ಅವರನ್ನು ಅಕ್ಕ ಬಂದ ಕಾರಿನಲ್ಲೇ ಕೂರಿಸಿ ಲಕ್ಕಿ ಡ್ರಾ ಡಬ್ಬವನ್ನು ತೊಡೆಯ ಮೇಲಿಟ್ಟೆವು.

ಗೆದ್ದೆ ಎಂದೇನೂ ಅನ್ನಿಸಲಿಲ್ಲ. ಆ ಗಂಟುಗಳು ಒಂದೊಂದಾಗಿ 'ಅತ್ತಿಗೆ, ಗುಂಡಿ' ಎಂದು ವಾಪಸು ಬರುತ್ತವೆ ಎಂದು ನನಗೆ ಗೊತ್ತು. ಇಬ್ಬರೂ ಸೇರಿ ಮೇಲಿಂದ ಮಂಚ ಇಳಿಸಿದೆವು, ಕಸ ಗುಡಿಸಿದೆವು. ಅಕ್ಕ ಮೆಲ್ಲಗೆ ಒರಗಿಕೊಂಡು ಗೋಡೆಗಳನ್ನು ನೋಡಿದಳು. ಸಾಮಾನು ಒರಗಿದ್ದ ಕಲೆ ಸೂರಿನವರೆಗೂ ಇತ್ತು.

"ಇಷ್ಟು ವರ್ಷ ಇಲ್ಲೆಲ್ಲಾ ಅವರ ಸಾಮಾನೇ ತುಂಬಿತ್ತಲ್ಲ" ಎಂದಳು. "ನಿನ್ನನ್ನ ಎಲ್ಲಿಟ್ಟಿದ್ರೇ?"

ಗಂಡ ಪೊರಕೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ನಾನು ಅಕ್ಕನ ಕಾಲ ಬಳಿ ಕೂತು ಅತ್ತುಬಿಟ್ಟೆ.