ಚುಕ್ಕಿ ನಿಂತ ಜಾಗ

"ಚುಕ್ಕಿ ನಿಂತಿರುವ ಜಾಗದಲ್ಲಿ ಯಾರೂ ಇಲ್ಲ," ಎಂದಳು ಇನೆಸ್.

ಕೃತ್ತಿಕಾ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿ, ಮತ್ತೊಮ್ಮೆ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮೊದಲ ಸಲವೇ ಅರ್ಥವಾಗಿತ್ತು. ಎರಡನೆಯ ಸಲ ಬೇರೇನಾದರೂ ಹೇಳಬಹುದು ಎಂಬ ಆಸೆ ಅಷ್ಟೆ.

ಇನೆಸ್ ಅದನ್ನೇ ಹೇಳಿದಳು. ಇಬ್ಬರು ಬೆಳಗಾಗುತ್ತಲೇ ನಡೆದು ಹೋಗಿ ನೋಡಿದ್ದಾರೆ. ಟೈರಿನ ಗುರುತಿದೆ, ಸೈಕಲ್ ಇಲ್ಲ, ಮನುಷ್ಯನಿಲ್ಲ. ಪಕ್ಕದಲ್ಲಿ ಆಳವಾದ ಕಂದಕ. ಈಗ ಹಗ್ಗ ಕಟ್ಟಿಕೊಂಡು ಅದರೊಳಗೆ ಇಳಿಯುತ್ತಿದ್ದಾರೆ. ಮೋಡ ಕವಿಯುತ್ತಿರುವುದರಿಂದ ಹೆಲಿಕಾಪ್ಟರ್ ಏರಲಾರದು.

ತಮಿಳು ಸೀಮೆಯ ಸಿರುಮುಗೈಯಲ್ಲಿ, ಕನ್ನಡ ಮಾತಾಡುವ ನೇಕಾರರ ಆ ಮನೆಯಲ್ಲಿ, ಆಗ ಮಧ್ಯಾಹ್ನದ ಊಟದ ಹೊತ್ತು. ಸೊಸೆಯ ಮುಖವನ್ನೇ ನೋಡುತ್ತಿದ್ದ ಜಾನಮ್ಮ ಫೋನ್ ಇಟ್ಟ ಕೂಡಲೇ ಕೇಳಿದಳು:

"ಏನಂತೆ ಅಮ್ಮಣಿ? ಸಿಕ್ಕಿದ್ನಾ?"

"ಅಲ್ಲಿ ಇಲ್ಲವಂತೆ ಅತ್ತೆ."

"ಇಲ್ಲಾಂದ್ರೆ? ಇಲ್ಲೇ ಇದಾನಲ್ಲ!" ಜಾನಮ್ಮ ಫೋನಿನ ಪರದೆಯ ನಕ್ಷೆಯಲ್ಲಿದ್ದ ಕಿತ್ತಳೆ ಬಣ್ಣದ ಚುಕ್ಕಿಯನ್ನು ಉಗುರಿನಿಂದ ತಟ್ಟಿದಳು. "ಕಾತ್ತಾಲೆಯಿಂದ, ಬೆಳಕು ಹರಿದಾಗಿಂದ, ಇಲ್ಲೇ ಕೂತಿದಾನೆ. ಅವರಿಗೆ ಕಣ್ಣು ಕಾಣಲ್ವಾ?"

ಕೃತ್ತಿಕಾಳ ಗಂಡ ನವನೀತನ್ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಪ್ಯಾಟರ್ನ್ ಮಾಸ್ಟರ್. ಹೊರದೇಶದ ಸೈಕಲ್ ಸವಾರರ ಅಂಗಿಗಳಿಗೆ ಅಳತೆಯ ಮಾದರಿ ಕತ್ತರಿಸುವುದು ಅವನ ಕೆಲಸ. ಅಂಗಿ ಹೇಗಿರಬೇಕೆಂದು ತಿಳಿಯಬೇಕಾದರೆ ತುಳಿದೇ ನೋಡಬೇಕು ಎಂದು ಸೈಕಲ್ ಹಿಡಿದವನು, ಭಾನುವಾರಗಳಲ್ಲಿ ಕೋತಗಿರಿಯ ಘಟ್ಟ ಹತ್ತತೊಡಗಿದ. ಅಂಗಿ ಕೊಳ್ಳುವ ಕಂಪನಿಯವರೇ ಈ ಸಲ ಅವನನ್ನು ಕರೆಸಿಕೊಂಡಿದ್ದರು. ಅಟ್ಲಾಂಟಿಕ್ ಸಾಗರದ ನಡುವೆ ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪ. ದಪ್ಪ ಟೈರಿನ ಸೈಕಲ್‌ಗಳಲ್ಲಿ ಅದರ ಜಲ್ಲಿ ಹಾದಿಗಳನ್ನು ಹಗಲು ರಾತ್ರಿ ತುಳಿದು ಸುತ್ತು ಮುಗಿಸಬೇಕು. ಇನೆಸ್ ಆ ಸ್ಪರ್ಧೆಯನ್ನು ನಡೆಸುವವಳು. ಪ್ರತಿ ಸವಾರನ ಬಳಿಯೂ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಯಂತ್ರವಿರುತ್ತದೆ. ಅದು ಆಕಾಶಕ್ಕೆ ಸುದ್ದಿ ಕಳಿಸಿ ಅವನಿರುವ ಜಾಗವನ್ನು ಚುಕ್ಕಿಯಾಗಿ ತೋರಿಸುತ್ತದೆ. ಅಪಾಯವಾದರೆ ಒತ್ತುವ ಕೆಂಪು ಗುಂಡಿಯೂ ಅದರಲ್ಲೇ.

ಅವನು ಕಳಿಸಿದ ವೀಡಿಯೊದಲ್ಲಿ ನೆಲವೆಲ್ಲ ಕಪ್ಪಗೆ, ಚೂಪಾಗಿ, ಒಂದು ಹುಲ್ಲುಕಡ್ಡಿಯೂ ಇಲ್ಲದೆ ಬಿದ್ದಿತ್ತು. "ಸುಡುಗಾಡಲ್ಲಿ ಯಾರಾದ್ರೂ ವಂಡಿ ಓಡಿಸ್ತಾರಾ?" ಎಂದಿದ್ದಳು ಜಾನಮ್ಮ.

ಕೃತ್ತಿಕಾ ನಿನ್ನೆಯ ಅವನ ಕೊನೆಯ ಮಾತುಗಳನ್ನು ಒಂದೊಂದಾಗಿ ನೆನೆದಳು. ಒಂದು ಟೈರು ಕಲ್ಲಿಗೆ ಸೀಳಿತ್ತು, ಒಳಗಿನಿಂದ ತೇಪೆ ಹಾಕಿದ್ದ. ಮೊಣಕಾಲು ನೋಯುತ್ತಿಲ್ಲ ಎಂದಿದ್ದ. ಕೇಳದೆಯೇ ಹೇಳಿದ್ದರಿಂದ ಅದು ಸುಳ್ಳು ಎಂದು ಅವಳಿಗೆ ಗೊತ್ತಾಗಿತ್ತು. ಆಮೇಲೆ ನಕ್ಕು, "ಆ ಚುಕ್ಕಿ ಪೆಟ್ಟಿಗೆ ಕಟ್ಟೋ ರಬ್ಬರ್ ಕಿತ್ತೋಯ್ತು. ನೀ ಹೊಲಿದ ಚೀಲದಲ್ಲೇ ಹಾಕ್ಕೋತೀನಿ, ಸಂತೋಷಾನಾ?" ಎಂದಿದ್ದ.

ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಈಗ ಆ ಚೀಲದೊಳಗೆ ಏನಿದೆಯೆಂಬುದು ನೆನಪಾಯಿತು. ಎದ್ದು ದೇವರ ಗೂಡಿನ ಮುಂದೆ ನಿಂತಳು.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಮಗ್ಗಕ್ಕೆ ಹೊಸ ಹಾಸಿನ ಎಳೆಗಳನ್ನು ಏರಿಸಿದಾಗ, ಮೊದಲು ಜರಿಯಲ್ಲೇ ಒತ್ತಾಗಿ ಗೇಣಗಲ ನೆಯ್ದು, ಕತ್ತರಿಸಿ ಕುಲದೇವತೆ ಚೌಡಮ್ಮನ ಮುಂದಿಡುವುದು. ಯಾರಾದರೂ ದೂರ ಹೊರಟರೆ ಅದರಲ್ಲೊಂದು ತುಂಡು ಅವರ ಮೈಮೇಲಿರಬೇಕು. ನವನೀತನ್ ಒಲ್ಲೆ ಎಂದಿದ್ದ. ಅಲ್ಲಿ ಅದನ್ನು ನೋಡಿ ನಗುತ್ತಾರೆ ಎಂದಿದ್ದ. ಆದ್ದರಿಂದ ಅತ್ತೆ ಸೊಸೆ ಸೇರಿ, ಅವನಿಗೆ ತಿಳಿಯದ ಹಾಗೆ, ಚೀಲದ ಎರಡು ಪದರಗಳ ನಡುವೆ ಜರಿಯನ್ನು ಮಡಿಸಿಟ್ಟು ಹೊಲಿದಿದ್ದರು. ಬೆಳ್ಳಿಯ ಜರಿ. ಹಿಂದೆ, ಮುಂದೆ, ಮುಚ್ಚಳದಲ್ಲೂ. ಎಲ್ಲೂ ಸಂದಿ ಬಿಡಬೇಡ ಎಂದು ಜಾನಮ್ಮ ಪಕ್ಕದಲ್ಲೇ ಕೂತು ಹೇಳಿದ್ದಳು. ಕೃತ್ತಿಕಾ ಬಿಟ್ಟಿರಲಿಲ್ಲ.

"ಅತ್ತೆ, ನಿಮ್ಮ ಫೋನ್ ಕೊಡಿ."

ಗೂಡಿನಲ್ಲಿ ಉಳಿದಿದ್ದ ಜರಿಯ ತುಂಡನ್ನು ತೆಗೆದು ಆ ಗುಂಡಿ ಫೋನಿಗೆ ಒಂದು ಸುತ್ತು ಸುತ್ತಿದಳು. ತನ್ನ ಫೋನಿನಿಂದ ಕರೆ ಮಾಡಿದಳು. ಬಟ್ಟೆಯೊಳಗಿಂದ ಮುರುಗನ ಹಾಡು ಮೊಳಗಿತು.

"ಏನ್ ಮಾಡ್ತಿದೀಯ ಅಮ್ಮಣಿ? ಸಾಮಿ ಬಟ್ಟೆ ಅದು!"

ಕೃತ್ತಿಕಾ ಅದನ್ನು ಬಿಚ್ಚಿ, ಚೀಲದಲ್ಲಿ ಮಡಿಸಿದ್ದಂತೆಯೇ ಅಂಚುಗಳನ್ನು ಒಳಗೆ ಸೇರಿಸಿ, ಪದರದ ಮೇಲೆ ಪದರ ಮಡಿಸಿದಳು. ಸ್ವಲ್ಪ ಕಾದು ಮತ್ತೆ ಕರೆ ಮಾಡಿದಳು. ಬಟ್ಟೆಯೊಳಗೆ ಸದ್ದಿಲ್ಲ. ನೀವು ಕರೆದವರು ಸಂಪರ್ಕದಾಚೆ ಇದ್ದಾರೆ ಎಂದು ತಮಿಳಿನಲ್ಲಿ ಹೆಣ್ಣು ದನಿಯೊಂದು ಮೃದುವಾಗಿ ಹೇಳಿತು.

ಅವನು ಅಲ್ಲಿಗೇ ನಿಂತಿರಲಿಲ್ಲ. ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿದ ಕಡೆ, ಬೆಳ್ಳಿ ದಾಟಿ ಸುದ್ದಿ ಹೊರಡದೆ, ಚುಕ್ಕಿ ಮಾತ್ರ ನಿಂತಿತ್ತು. ಒಂದು ಗಳಿಗೆ ಅವಳಿಗೆ ಕೂಗಿ ನಗಬೇಕೆನಿಸಿತು. ಮರುಗಳಿಗೆಯೇ ಆ ನಗೆ ಹೋಯಿತು. ಸವಾರರು ಹಾಜರಿ ಹಾಕುವ ಮುಂದಿನ ಠಾಣೆಗೆ ಅವನು ಬಂದಿಲ್ಲ ಎಂದು ಇನೆಸ್ ಮೊದಲ ಕರೆಯಲ್ಲೇ ಹೇಳಿದ್ದಳು. ಮುಂದೆಲ್ಲೋ ಬಿದ್ದಿದ್ದರೆ ಕೆಂಪು ಗುಂಡಿಯನ್ನು ಒತ್ತಿರುತ್ತಾನೆ. ಚೀಲದೊಳಗೇ ಒತ್ತಿ, ಸುದ್ದಿ ಹೋಯಿತೆಂದು ನಂಬಿ, ಚೀಲದ ಮುಚ್ಚಳ ಹಾಕಿ, ಕಾಯುತ್ತಿರುತ್ತಾನೆ.

"ಆ ವೆಳ್ಳಕ್ಕಾರಿ ಇನೆಸ್‌ಗೆ ಹೇಳ್ಬೇಕು," ಎಂದಳು.

ಜಾನಮ್ಮನಿಗೆ ಅರ್ಥವಾಗಿತ್ತು. ಜರಿಯನ್ನು ಸೊಸೆಯ ಕೈಯಿಂದ ಕಿತ್ತುಕೊಂಡಳು. "ಏನಂತ? ಚೌಡಮ್ಮನೇ ನನ್ ಮಗನ್ನ ಮುಚ್ಚಿಟ್ಟಳು ಅಂತಾನಾ?"

"ಅವರು ಹಳ್ಳದೊಳಗೆ ಹುಡುಕ್ತಿದಾರೆ ಅತ್ತೆ. ನಿಮ್ಮ ಮಗ ಅಲ್ಲಿಲ್ಲ."

"ನಾ ಹೇಳಿ ಹೊಲಿಸಿದ್ದು."

"ಹೊಲಿದದ್ದು ನಾನು."

ಇನೆಸ್‌ಗೆ ಹೇಳುವುದು ಸುಲಭವಾಗಲಿಲ್ಲ. ಬೆಳ್ಳಿಯ ಬಟ್ಟೆ, ದೇವರಿಗಾಗಿ, ಒಳಗೆ ಹೊಲಿದಿದ್ದೇವೆ, ಅವನಿಗೆ ಗೊತ್ತಿಲ್ಲ. ಒಂದೊಂದು ಮಾತೂ ಇಂಗ್ಲಿಷಿನಲ್ಲಿ ಹುಚ್ಚರ ಮಾತಿನಂತೆ ಕೇಳಿಸಿತು. ಆ ಕಡೆ ಗಾಳಿಯ ಸದ್ದು ಮಾತ್ರ ಬರುತ್ತಿತ್ತು. "ದಯವಿಟ್ಟು ಮುಂದೆ ಹೋಗಿ," ಎಂದಳು ಕೃತ್ತಿಕಾ. "ಆ ಚುಕ್ಕಿಯನ್ನು ನಂಬಬೇಡಿ. ಮುಂದಕ್ಕೆ ಹುಡುಕಿ." ಇನೆಸ್ ಯಾರಿಗೋ ತನ್ನ ಭಾಷೆಯಲ್ಲಿ ಜೋರಾಗಿ ಏನೋ ಕೂಗಿದಳು. ಕರೆ ಕಡಿಯಿತು.

ಇಬ್ಬರೂ ಕಾಯುತ್ತ ಕೂತರು. ಅನ್ನದ ಮೇಲೆ ನೊಣ ಕೂತಿದ್ದರೂ ಯಾರೂ ಓಡಿಸಲಿಲ್ಲ. ಜಾನಮ್ಮ ಒಮ್ಮೆ ಎದ್ದು ಗೂಡಿನ ದೀಪಕ್ಕೆ ಎಣ್ಣೆ ಹಾಕಲು ಹೋದವಳು, ಹಾಕದೆ ಎಣ್ಣೆಯ ಬಟ್ಟಲನ್ನು ಹಿಡಿದುಕೊಂಡೇ ಬಂದು ಕೂತಳು.

ಫೋನ್ ಬಂದಾಗ ಬಿಸಿಲು ಗೋಡೆ ಏರಿತ್ತು.

ಸಿಕ್ಕಿದ್ದಾನೆ. ಬಹಳ ಮುಂದೆ, ಒಂದು ತಿರುವಿನ ಕೆಳಗೆ. ತಲೆಗೆ ಪೆಟ್ಟಾಗಿದೆ, ಕಾಲು ಮುರಿದಿದೆ. ಮೈ ತುಂಬ ತಣ್ಣಗಿದೆ. ಉಸಿರಿದೆ, ಆದರೆ ಕಣ್ಣು ಮುಚ್ಚಿಹೋಗುತ್ತಿದೆ. ಆ ಲಾವಾದ ಮೇಲೆ ವಾಹನ ಬರುವುದಿಲ್ಲ. ಡೋಲಿ ಹೊತ್ತು ನಡೆದು ಬರುತ್ತಿದ್ದಾರೆ. ಇನೆಸ್ ಓಡಿದವಳಂತೆ ಏದುಸಿರು ಬಿಡುತ್ತಿದ್ದಳು. "ನಾವು ಏನು ಕೇಳಿದರೂ ಅವನಿಗೆ ತಿಳಿಯುತ್ತಿಲ್ಲ. ಯಾವುದೋ ಭಾಷೆಯಲ್ಲಿ ಗೊಣಗುತ್ತಾನೆ. ಅವನು ನಿದ್ದೆ ಹೋಗಬಾರದು. ನೀವು ಮಾತಾಡಿ, ಫೋನನ್ನು ಅವನ ಕಿವಿಗೆ ಹಿಡಿಯುತ್ತೇನೆ."

ಕೃತ್ತಿಕಾ ಸ್ಪೀಕರ್ ಹಾಕಿದಳು. ಗಾಳಿ. ಅದರ ನಡುವೆ ಒಡೆದ ಒಂದು ಉಸಿರು.

"ಏನುಂಗ," ಎಂದು ದಿನವೂ ಕರೆಯುವಂತೆ ಕರೆದಳು. "ಏನುಂಗ, ನಾನು ಕೃತ್ತಿಕಾ. ಕೇಳಿಸ್ತಿದೆಯಾ?"

"ಚಳಿ," ಎಂದ ಅವನು. ಕನ್ನಡದಲ್ಲಿ, ಚಿಕ್ಕ ಮಗುವಿನ ಹಾಗೆ.

ಚೀಲದ ವಿಷಯ ಬಿಟ್ಟು ಬೇರೇನೂ ಅವಳಿಗೆ ತೋಚಲಿಲ್ಲ. ಜಾನಮ್ಮ ಫೋನನ್ನು ಅವಳ ಕೈಯಿಂದ ತೆಗೆದುಕೊಂಡಳು.

"ಡೇ, ನವನೀತಾ! ಕಣ್ಣು ಬಿಡು. ಬೇರೆ ದೇಶಕ್ಕೆ ಹೋಗಿ ಬೀದೀಲಿ ಮಲಗ್ತೀಯಾ, ಮಾನ ಮರ್ಯಾದೆ ಇಲ್ವಾ? ಕೇಳು ಇಲ್ಲಿ. ಅಂಗಮ್ಮನ ಆಡು ನಿನ್ನೆ ತಿರುಮಲೈಸಾಮಿ ವೇಟಿ ತಿಂದುಬಿಡ್ತು. ಪಟ್ಟು ವೇಟಿ, ರೇಷ್ಮೆ ಪಂಚೆ, ಮದುವೆಗೆ ತೆಗೆದದ್ದು. ಅರ್ಧ ವೇಟಿ ಕೈಲಿ ಹಿಡ್ಕೊಂಡು ಬೀದಿ ಪೂರ ಓಡಿದಾನೆ ಆ ಮನುಷ್ಯ. ಆಡು ಮುಂದೆ, ಇವನು ಹಿಂದೆ. ಕೇಳ್ತಿದೀಯಾ, ನನ್ ಕಣ್ಣೇ?"

"ಉಂ."

"ಏನ್ ಉಂ? ವಾಯಿ ಬಿಟ್ಟು ಹೇಳು. ಯಾವ ಆಡು ಅಂತ ಕೇಳು."

ಉತ್ತರ ಬಂತೋ ಇಲ್ಲವೋ ತಿಳಿಯಲಿಲ್ಲ. ಪಕ್ಕದ ಮನೆಯ ಮಗ್ಗದ ಬಡಿತ ಗೋಡೆಯಾಚೆಯಿಂದ ಅವನ ಉಸಿರಿನ ಮೇಲೆಯೇ ಬೀಳುತ್ತಿತ್ತು. ಕೃತ್ತಿಕಾ ಬರಿಗಾಲಲ್ಲಿ ಓಡಿದಳು. ಬಾಗಿಲಲ್ಲಿ ನಿಂತು, ಮಗ್ಗ ನಿಲ್ಲಿಸುವಂತೆ ಎರಡು ಕೈ ಜೋಡಿಸಿದಳು. ಮಗ್ಗದಲ್ಲಿ ಕೂತಿದ್ದ ಅಂಗಮ್ಮ ಅವಳ ಮುಖ ನೋಡಿದವಳೇ ಕೈ ನಿಲ್ಲಿಸಿದಳು. ಎದ್ದು ಬೀದಿಗೆ ಬಂದು ಎದುರಿನ ಮನೆಯತ್ತ ಕೈಯಾಡಿಸಿದಳು. ಅಲ್ಲಿಯೂ ಮಗ್ಗ ನಿಂತಿತು. ಆಮೇಲೆ ಅದರ ಆಚೆಯದು.

ಕೃತ್ತಿಕಾ ಹೊಸಿಲಿನ ಬಳಿ ನಿಂತಳು. ಬೀದಿಯ ಕೊನೆಯಲ್ಲಿ ಒಂದೇ ಒಂದು ಮಗ್ಗ ಇನ್ನೂ ಬಡಿಯುತ್ತಿತ್ತು, ಅದೂ ನಿಂತಿತು. ಒಳಗಿನಿಂದ ಜಾನಮ್ಮನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಆಡಿನ ಕಥೆ ಮುಗಿದಿತ್ತು. ಅವಳು ಮತ್ತೆ ಮೊದಲಿನಿಂದ ಶುರುಮಾಡಿದ್ದಳು.