ಆಲದ ಮರದ ಗಂಟು

ಬೈರಣ್ಣನ ಹಿತ್ತಿಲಲ್ಲಿ ಕೆಂದಿ ಕರು ಹಾಕಿದ್ದು ಶುಕ್ರವಾರ ಮಧ್ಯಾಹ್ನ. ಇಟ್ಟಮಡುವಿನಲ್ಲಿ ಹಿತ್ತಿಲು ಎಂಬುದು ಈಗ ಹೆಸರಿಗಷ್ಟೇ ಉಳಿದಿದೆ. ಮುಂದೆ ಬೈರಣ್ಣ ಕಟ್ಟಿಸಿದ ನಾಲ್ಕು ಅಂತಸ್ತಿನ ಪೀಜಿ, ಪಕ್ಕದಲ್ಲಿ ಸಾಲಾಗಿ ಬಾಡಿಗೆ ಮನೆಗಳು, ಇವೆರಡರ ಬೆನ್ನಿಗೆ ಮಿಕ್ಕ ಸಂದಿಯಲ್ಲಿ ಶೀಟು ಹೊದಿಸಿದ ಕೊಟ್ಟಿಗೆ. ರಾಗಿ ಹೊಲ ಹೋದ ಮೇಲೂ, ಎತ್ತುಗಳು ಹೋದ ಮೇಲೂ ಅವನ ತಾಯಿ ಸೊಣ್ಣಮ್ಮ ಈ ಒಂದು ಹಸುವನ್ನು ಬಿಟ್ಟುಕೊಟ್ಟಿರಲಿಲ್ಲ.

ಸಂಜೆ ಹೊತ್ತಿಗೆ ಮಾಸು ಬಿತ್ತು. ಕರುವಿನ ಹಿಂದೆ ಬೀಳುವ ಅದನ್ನು ನಾಯಿ ಬಾಯಿಗೆ ಬೀಳದಂತೆ ಹುಲ್ಲಿನಲ್ಲಿ ಸುತ್ತಿ, ಹಾಲು ಒಸರುವ ಮರಕ್ಕೆ ಎತ್ತರದಲ್ಲಿ ಕಟ್ಟಬೇಕು. ಮರದ ಹಾಲಿನ ಹಾಗೆ ಹಸುವಿನ ಹಾಲೂ ಬತ್ತದೆ ಇರಲಿ ಅಂತ. ಸೊಣ್ಣಮ್ಮ ಗಂಟು ಕಟ್ಟಿ ಮಗನನ್ನು ಕರೆದಳು.

"ಲೋ ಬೈರ, ಹೋಗಿ ಆಲದ ಮರಕ್ಕೆ ಕಟ್ಬುಟ್ಟು ಬಾ."

"ಅವ್ವ, ಆ ಮರ ಈಗ ಪಾರ್ಕೊಳಗೈತೆ. ನಾನು ಅಸೋಸಿಯೇಷನ್ ಮೆಂಬರ್ರು. ನಾನೇ ಹೋಗಿ ಅದ್ನ ನೇತಾಕಿದ್ರೆ ಜನ ಮಾಟ ಮಾಡ್ತಾವ್ನೆ ಅಂತಾರೆ."

"ಮರ ಯಾರ್ದಲಾ?"

"ಆವಾಗ ನಮ್ದು."

"ಹೋದ್ಸಲ ಕಸದ ಆಟೋಗೆ ಹಾಕ್ಬುಟ್ಟೆ. ಏನಾಯ್ತು? ತಿಂಗ್ಳೊಳಗೆ ಹಾಲು ನಿಂತೋಯ್ತು."

"ಈ ಸಲಾನೂ ನಿಂತ್ರೆ ಕೆಂದೀನ ಕನಕಪುರದ ಕಡೆ ಯಾರಿಗಾದ್ರೂ ಕೊಟ್ಬುಡ್ತೀನಿ. ಆಮೇಲೆ ಅಳ್ಬೇಡ," ಎಂದು ಬೈರಣ್ಣ ನೀರಿನ ಟ್ಯಾಂಕರಿನವನಿಗೆ ಫೋನ್ ಮಾಡುತ್ತಾ ಎದ್ದುಹೋದ.

ಇದನ್ನೆಲ್ಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದವಳು ಬೈರಣ್ಣನ ಮಗಳು ಶ್ವೇತ. "ನಾನು ಕಟ್ತೀನಿ ಬಿಡಜ್ಜಿ," ಅಂದಳು. ಅಂದ ಮೇಲೆ ಅವಳಿಗೆ ಭಾನುವಾರದ ನೆನಪಾಯಿತು.

ಶ್ವೇತ ಎರಡು ವರ್ಷ ಯೂನಿವರ್ಸಿಟಿಯಲ್ಲಿ ಪರಿಸರ ಪ್ರವಾಸೋದ್ಯಮ ಓದಿದ್ದಳು. ಬೈರಣ್ಣ ನೆಂಟರ ಮುಂದೆ "ಕಾಡು ಪ್ರಾಣಿ ಓದ್ತಾವ್ಳೆ" ಎಂದು ಹೇಳಿ ಮಾತು ಮುಗಿಸುತ್ತಿದ್ದ. ಸೇರಿದ ದಿನ ತೋರಿಸಿದ ಚಿತ್ರಗಳಲ್ಲಿ ಜೀಪಿನ ಮೇಲೆ ನಿಂತ ಹುಡುಗಿ ಇದ್ದಳು, ಹಳ್ಳಿಯವರ ಜೊತೆ ಕೂತು ನಕ್ಷೆ ಬರೆಯುವವರಿದ್ದರು. ಈಗ ಜೊತೆಗೆ ಓದಿದ ಐಶ್ವರ್ಯ ಹಿನ್ನೀರಿನ ಪಕ್ಕದ ರೆಸಾರ್ಟಿನಲ್ಲಿ ಬಂದವರಿಗೆಲ್ಲ ಎಳನೀರು ಕೊಟ್ಟು ನಗುತ್ತಾಳೆ. ಚಿರಂತ್ ಬಿಟಿಎಂ ಲೇಔಟಿನ ಕಾಲ್ ಸೆಂಟರಿನಲ್ಲಿ ವಿಮಾನದ ಟಿಕೆಟ್ ರದ್ದು ಮಾಡಿಕೊಡುತ್ತಾನೆ. ಎಲ್ಲರಿಗಿಂತ ಹೆಚ್ಚು ಅಂಕ ತೆಗೆದ ಪ್ರಸನ್ನ ಅತಿಥಿ ಉಪನ್ಯಾಸಕನಾಗಿ ಮುಂದಿನ ವರ್ಷದವರಿಗೆ ಅದೇ ಚಿತ್ರಗಳನ್ನು ತೋರಿಸುತ್ತಿದ್ದಾನೆ.

ಶ್ವೇತಳಿಗೆ ಸಿಕ್ಕಿದ್ದು ಜೆಪಿ ನಗರದಲ್ಲಿ ಬೇಕರಿಯ ಮೇಲಿನ ಕೋಣೆಯಲ್ಲಿ ಸಣ್ಣ ಕಂಪನಿ ನಡೆಸುವ ವಿಜಯಕುಮಾರ್. ಊರೊಳಗೇ ಮರ, ಕೆರೆ, ಹಳೇ ಹಳ್ಳಿಗಳನ್ನು ತೋರಿಸುವ ನಡಿಗೆ ಅವನ ವ್ಯಾಪಾರ. ಭಾನುವಾರ ಒಂದು ನಡಿಗೆ ಮಾಡಿಸಿ ತೋರಿಸು, ಜನಕ್ಕೆ ಹಿಡಿಸಿದರೆ ಕೆಲಸ ಎಂದಿದ್ದ. ಹಿಡಿಸದಿದ್ದರೆ ಏನು ಅಂತ ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು. ಪೀಜಿ ನೋಡಿಕೊಳ್ಳುತ್ತಿದ್ದ ನಂದಕುಮಾರ್ ಕೆಲಸ ಬಿಡುವವನಿದ್ದ. ಅವನ ಕುರ್ಚಿ ಅವಳಿಗೆ. ಗೀಸರ್ ಕೆಟ್ಟಿದೆ, ಚಪಾತಿ ಗಟ್ಟಿ ಇದೆ ಎಂಬ ದೂರು ಕೇಳುತ್ತಾ ಕೂರುವ ಕುರ್ಚಿ ಅದು.

ನಡಿಗೆಯ ದಾರಿ ಅವಳೇ ಹಾಕಿದ್ದು. ಕೊನೆಯ ನಿಲ್ದಾಣ ಆ ಆಲದ ಮರ.

ಶನಿವಾರ ಬೆಳಕು ಹರಿಯುವಾಗ ಸ್ಕೂಟರಿನ ಮುಂದೆ ಗಂಟಿಟ್ಟುಕೊಂಡು, ದೋಟಿಯನ್ನು ಓರೆಯಾಗಿ ಹಿಡಿದುಕೊಂಡು ಹೋದಳು. ಮರದ ಹಿಂಬದಿಗೆ ಎಲೆ ದಟ್ಟವಾಗಿದ್ದ ಕೊಂಬೆ ಹುಡುಕಿದಳು. ಕಟ್ಟೆ ಹತ್ತಿ ದೋಟಿಯ ಕೊಕ್ಕೆಯಿಂದ ಗಂಟು ಸಿಕ್ಕಿಸಿದಳು. ಕೆಳಗೆ ನಿಂತು ನೋಡಿದರೆ ಏನೂ ಕಾಣುತ್ತಿರಲಿಲ್ಲ. ಆದರೂ ಮನಸ್ಸು ತಡೆಯದೆ ವಿಜಯಕುಮಾರ್‌ಗೆ ಫೋನ್ ಮಾಡಿ, "ಸಾರ್, ಕೊನೇ ಸ್ಟಾಪ್ ಬದಲಾಯಿಸೋಣ್ವಾ?" ಎಂದು ಕೇಳಿದಳು.

"ಪೋಸ್ಟರ್ ಮೇಲೆ ಆ ಮರದ ಫೋಟೋನೇ ಹಾಕಿದೀನಲ್ಲ ಶ್ವೇತ. ಈಗ ಎಲ್ಲಿ ಬದಲಾಯಿಸ್ಲಿ?"

ಭಾನುವಾರ ಜಯನಗರ, ಜೆಪಿ ನಗರದ ಕಡೆಯಿಂದ ಜನ ಬಂದರು. ಟೋಪಿ, ನೀರಿನ ಬಾಟಲಿ, ಒಳ್ಳೆಯ ಬೂಟು. ಅವರ ಜೊತೆಗೆ ಸೇರಿದ್ದ ಇದೇ ವಾರ್ಡಿನ ನಿವೃತ್ತ ಟೀಚರೊಬ್ಬರು ಕೊರಳಿಗೆ ಬೈನಾಕ್ಯುಲರ್ ಹಾಕಿಕೊಂಡಿದ್ದರು. ದಾರಿಯುದ್ದಕ್ಕೂ ಹೇಳಿದ್ದನ್ನು ಕಿವಿಗೊಟ್ಟು ಕೇಳಿದವರೂ ಅವರೇ, "ನಿಧಾನ ಹೇಳಮ್ಮ, ಚೆನ್ನಾಗಿ ಹೇಳ್ತಿದ್ದೀಯ," ಎಂದು ಧೈರ್ಯ ಕೊಟ್ಟವರೂ ಅವರೇ. ಹಳೆಯ ಬಾವಿ, ಹೊಂಗೆ ಸಾಲು, ಮುನೇಶ್ವರನ ಕಲ್ಲು ಎಲ್ಲ ದಾಟಿ ಪಾರ್ಕಿನ ಗೇಟಿಗೆ ಬಂದಾಗ ಶ್ವೇತ ಮೇಲೆ ನೋಡಿದಳು. ಆಲದ ಮರದ ನೆತ್ತಿಯ ಮೇಲೆ ಹದ್ದುಗಳು ಸುತ್ತು ಹೊಡೆಯುತ್ತಿದ್ದವು.

ಟೀಚರು ಬೈನಾಕ್ಯುಲರ್ ಎತ್ತಿದರು. ಹದ್ದಿನಿಂದ ಕೊಂಬೆಗೆ, ಕೊಂಬೆಯಿಂದ ಎಲೆಗಳ ಸಂದಿಗೆ ಇಳಿದರು. "ಅದು ಗೂಡಾ ಶ್ವೇತ?"

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತೇನೋ. ಆದರೆ ಆಗಲೇ ಒಬ್ಬ ಉದ್ದ ಲೆನ್ಸಿನ ಕ್ಯಾಮೆರಾ ತಿರುಗಿಸಿದ್ದ. "ಗೂಡಲ್ಲ ಇದು. ಹುಲ್ಲು. ಏನೋ ತೊಟ್ಟಿಕ್ತಿದೆ." ಯಾರೋ ಒಬ್ಬಳು, "ಮಾಟ ಇರ್ಬೇಕು, ಬನ್ನಿ ಹೋಗೋಣ," ಎಂದು ಹಿಂದೆ ಸರಿದಳು. ಟೀಚರು ಮೊಬೈಲ್ ತೆಗೆದು ಒಂದು ಫೋಟೋ ಹೊಡೆದುಕೊಂಡರು.

ಆಗ ಶ್ವೇತ ಹೇಳಿದಳು. ಬಾಯಿಪಾಠ ಮಾಡಿಕೊಂಡು ಬಂದದ್ದು ಯಾವುದೂ ಅದರಲ್ಲಿರಲಿಲ್ಲ. ಈ ಪಾರ್ಕು ಅವಳ ತಾತನ ಹೊಲವಾಗಿದ್ದದ್ದು, ಈ ಮರ ಹೊಲದ ಬದುವಿನಲ್ಲಿದ್ದದ್ದು, ಮನೆಯ ಹಸುಗಳು ಕರು ಹಾಕಿದಾಗಲೆಲ್ಲ ಇದೇ ಕೊಂಬೆಗಳಿಗೆ ಗಂಟು ಕಟ್ಟುತ್ತಿದ್ದದ್ದು, ಅದು ತಾನಾಗಿ ಒಣಗಿ ಉದುರುವ ತನಕ ಯಾರೂ ಮುಟ್ಟಬಾರದು ಎಂಬುದು, ಮೊನ್ನೆ ಹುಟ್ಟಿದ ಕರುವಿನ ಹಣೆಯ ಬಿಳಿ ಮಚ್ಚೆ. "ಇದನ್ನ ನಾನೇ ಕಟ್ಟಿದ್ದು," ಎಂದಳು. ಹಿಂದೆ ಸರಿದವಳೂ ಹತ್ತಿರ ಬಂದು ನಿಂತಳು. ವಿಜಯಕುಮಾರ್ ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿಯುತ್ತಿದ್ದ.

ಟೀಚರ ಕಣ್ಣು ಒದ್ದೆಯಾಗಿತ್ತು. ಅವರು ಅವಳ ಕೈ ಹಿಡಿದುಕೊಂಡರು. "ಎಷ್ಟು ಚೆನ್ನಾಗಿದೆ ಕಣಮ್ಮ. ಅಯ್ಯೋ, ಗೊತ್ತಿಲ್ದೆ ನಾನು ವಾರ್ಡ್ ಗ್ರೂಪಿಗೆ ಫೋಟೋ ಹಾಕ್ಬಿಟ್ನಲ್ಲ. ಮಕ್ಕಳು ಆಡೋ ಜಾಗ ಅಂತ."

"ತೆಗೀರಿ ಮೇಡಂ."

ಅವರು ತೆಗೆದರು. ಆದರೆ ಅಷ್ಟರಲ್ಲಿ ಅದನ್ನು ನೋಡಬೇಕಾದವರು ನೋಡಿಯಾಗಿತ್ತು. ತಿಂಗಳುಗಟ್ಟಲೆ ಬೀದಿ ದೀಪಕ್ಕೆ ಬಾರದವರು ಇದಕ್ಕೆ ಹೇಗೆ ಬಂದರೋ, ಜನ ಇನ್ನೂ ಕಟ್ಟೆಯ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿರುವಾಗಲೇ ಕಸದ ಗಾಡಿ ಗೇಟಿನ ಮುಂದೆ ನಿಂತಿತು. ಅದರಿಂದ ಮಾರಯ್ಯ ಎಂಬ ನಡುವಯಸ್ಸಿನ ಕೆಲಸಗಾರ ಉದ್ದನೆಯ ಬಿದಿರುಗೋಲು ಹಿಡಿದು ಇಳಿದ. ಗಂಟು ನೋಡಿದವನೇ ನಿಂತುಬಿಟ್ಟ.

"ಯಾರ್ದಕ್ಕಾ ಇದು?"

"ನಮ್ದೇ ಅಣ್ಣ. ಈಗ ಬಿಡಿ. ಬೇಕಾದ್ರೆ ಬೇರೆ ಮರಕ್ಕೆ ನಾನೇ ಕಟ್ಕೋತೀನಿ."

"ಬಿಚ್ಚಿದ್ದನ್ನ ಮತ್ತೆ ಕಟ್ಟಂಗಿಲ್ಲ ಕಣಕ್ಕ. ನಮ್ಮೂರಲ್ಲೂ ಕಟ್ತೀವಿ, ನಂಗೊತ್ತಿಲ್ವಾ?" ದನಿ ತಗ್ಗಿಸಿದ. "ಮುಟ್ಟೋಕೆ ನಂಗೂ ಮನ್ಸಿಲ್ಲ. ಆದ್ರೆ ಫೋಟೋ ಹೋಗೈತೆ. ಕಿತ್ತ ಮೇಲೆ ಇನ್ನೊಂದು ಫೋಟೋ ಕಳಿಸ್ಬೇಕು. ಸೂಪರ್‌ವೈಸರ್ ಗಾಡೀಲೇ ಕೂತವ್ನೆ."

ಶ್ವೇತ ಗಾಡಿಯ ಹತ್ತಿರ ಹೋದಳು. ಸೂಪರ್‌ವೈಸರು ಒಳ್ಳೆಯ ಮಾತಿನಲ್ಲೇ, "ನಾನೇನ್ ಮಾಡ್ಲಿ ಮೇಡಂ, ಮೇಲಿಂದ ಬಂದಿದೆ," ಎಂದ. ಅವಳು ವಿಜಯಕುಮಾರ್ ಕಡೆ ನೋಡಿದಳು. ಅವನು ಬಂದವರ ಗುಂಪು ಫೋಟೋ ತೆಗೆಸುತ್ತಿದ್ದ. ಮಾರಯ್ಯ ಮರಕ್ಕೊಮ್ಮೆ ಕೈ ಮುಗಿದು ಬಿದಿರು ಎತ್ತಿದ. ಗಂಟು ಎಲೆಗಳ ನಡುವೆ ಎರಡು ಕಡೆ ಸಿಕ್ಕಿಕೊಂಡು, ಆಮೇಲೆ ಒದ್ದೆ ಬಟ್ಟೆಯ ಹಾಗೆ ಕೆಳಗೆ ಬಿತ್ತು. ಕಾಲೇಜಿನಲ್ಲಿ ಸ್ಥಳೀಯರ ಒಪ್ಪಿಗೆ ಎಂಬ ವಿಷಯದ ಮೇಲೆ ಅವಳು ಪುಟಗಟ್ಟಲೆ ಬರೆದು ಮೆಚ್ಚುಗೆ ಪಡೆದಿದ್ದಳು. ಸ್ಥಳೀಯರು ತಾವೇ ಆದಾಗ ಯಾರನ್ನು ಕೇಳಬೇಕು ಎಂದು ಅದರಲ್ಲಿ ಇರಲಿಲ್ಲ.

ಎಲ್ಲರೂ ಹೋದ ಮೇಲೆ ವಿಜಯಕುಮಾರ್ ಅವಳ ಹತ್ತಿರ ಬಂದ. "ಸಖತ್ ಶ್ವೇತ. ನಾಳೆಯಿಂದ ಆಫೀಸಿಗೆ ಬನ್ನಿ. ಒಂದೇ ವಿಷ್ಯ, ಮುಂದಿನ ವಾರ ಆ ಗಂಟು ಇರ್ಬೇಕು. ಎಲ್ಲಾ ಅದನ್ನೇ ಕೇಳ್ತಾರೆ."

"ಸಾರ್, ಅದು ಹಸು ಈದಾಗ ಮಾತ್ರ..."

"ಒಳಗೆ ಏನೂ ಬೇಡ ರೀ. ಬರೀ ಹುಲ್ಲು. ವಾಸ್ನೇನೂ ಇರಲ್ಲ, ಕಂಪ್ಲೇಂಟೂ ಬರಲ್ಲ. ಪರ್ಮಿಷನ್ ತಗೊಂಡು ಕೆಳಗೊಂದು ಬೋರ್ಡ್ ಹಾಕಿಸ್ತೀನಿ."

ಮನೆಗೆ ಬಂದಾಗ ಸೊಣ್ಣಮ್ಮ ಕರುವಿನ ಮೈ ಒರೆಸುತ್ತಿದ್ದಳು. "ಮರದ ತಾವ್ಕೆ ಹೋಗಿದ್ದೇನವ್ವ? ಗಂಟು ಐತಾ?"

"ಐತೆ," ಅಂದಳು ಶ್ವೇತ. ಕೆಲಸ ಸಿಕ್ಕಿದ್ದನ್ನೂ ಹೇಳಿದಳು. ಬೈರಣ್ಣನಿಗೆ ನಗು ಬಂತು. "ಮರ ತೋರ್ಸೋಕೂ ಸಂಬಳ ಕೊಡ್ತಾರಾ? ಮೊದ್ಲೇ ಗೊತ್ತಿದ್ರೆ ಹೊಲ ಮಾರ್ದೆ ಟಿಕೆಟ್ ಇಡ್ತಿದ್ದೆ." ಅಜ್ಜಿ ಗಿಣ್ಣು ಕಾಯಿಸಿ ಬೆಲ್ಲ ಹಾಕಿ ಮೊದಲು ಅವಳಿಗೇ ಕೊಟ್ಟಳು. ಹೇಳಲು ಅದು ಹೊತ್ತಲ್ಲ ಅನ್ನಿಸಿತು. ಆಮೇಲೆ ಯಾವ ಹೊತ್ತೂ ಹಾಗೇ ಅನ್ನಿಸಿತು.

ಮುಂದಿನ ಶನಿವಾರ ಅವಳು ಕೊಟ್ಟಿಗೆಯಿಂದ ಹುಲ್ಲು ತೆಗೆದುಕೊಂಡಳು. ಯಾಕೆ ಎಂದು ಅಜ್ಜಿ ಕೇಳಿದಾಗ ಕೆಲಸಕ್ಕೆ ಎಂದಳು. "ಒಣಗಿರೋದು ತಗಾ," ಎಂದು ಅಜ್ಜಿಯೇ ಆರಿಸಿಕೊಟ್ಟಳು.

ಕೆಂದಿಯ ಹಾಲು ದಿನದಿಂದ ದಿನಕ್ಕೆ ಇಳಿಯಿತು. ಡಾಕ್ಟರು ಬಂದು ನೋಡಿ, ವಯಸ್ಸಾಗಿದೆ, ಇನ್ನು ಇಷ್ಟೇ ಎಂದರು. ಬೈರಣ್ಣ ಕನಕಪುರದ ಕಡೆಯವರಿಗೆ ಬರಲು ಹೇಳಿದ. ಮಾರನೆಯ ದಿನ ಸೊಣ್ಣಮ್ಮ ಹಠ ಹಿಡಿದಳು: ಒಂದು ಸಲ ಆ ಮರ ನೋಡಬೇಕು.

ಶ್ವೇತ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದಳು. ಗಂಟು ಈಗ ಮುಂಬದಿಯ ಕೊಂಬೆಯಲ್ಲಿತ್ತು, ಎಲ್ಲರಿಗೂ ಕಾಣುವ ಹಾಗೆ. ಕೆಳಗೆ ಹಸಿರು ಬೋರ್ಡು. ಸೊಣ್ಣಮ್ಮನಿಗೆ ಓದಲು ಬಾರದು. ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಮೇಲೆ ನೋಡಿದಳು.

"ಎಷ್ಟು ಚೆಂದಾಗಿ ಒಣಗೈತೆ. ಹದ್ದೂ ಮುಟ್ಟಿಲ್ಲ." ಕೈ ಇಳಿಸಿದಳು. "ನೀನು ಸರ್ಯಾಗೇ ಕಟ್ಟಿದ್ದೀಯ ಕಣವ್ವ. ಹಂಗಾದ್ರೆ ತಪ್ಪು ನಂದೇ. ನಾನೇ ಏನೋ ಮರ್ತಿವ್ನಿ."

"ಅಜ್ಜಿ..."

"ದೇವ್ರಿಗೆ ಮೊದ್ಲ ಹಾಲು ಮೀಸ್ಲು ತೆಗೆದ್ನೋ ಇಲ್ವೋ. ಇಲ್ಲ, ತೆಗ್ದೆ. ಮತ್ತೇನು ಮರ್ತೆ?" ಎಂದು ಅವಳು ಬೆರಳು ಮಡಚುತ್ತಾ ಕಟ್ಟೆಯ ಮೇಲೆ ಕೂತಳು.

ಶ್ವೇತ ಪಕ್ಕದಲ್ಲಿ ಕೂತಳು. ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ವಾಕಿಂಗ್ ಬಂದ ಒಬ್ಬರು ಬೋರ್ಡು ಓದಿ, ಅವಳ ಗುರುತು ಹಿಡಿದು, "ಮೇಡಂ, ಭಾನುವಾರದ್ದು ಎಷ್ಟೊತ್ತಿಗೆ?" ಎಂದು ಕೇಳಿದರು.

"ಆರೂವರೆಗೆ ಸಾರ್," ಅಂದಳು ಶ್ವೇತ. ಅಜ್ಜಿ ಇನ್ನೂ ಬೆರಳು ಮಡಚುತ್ತಲೇ ಇದ್ದಳು.