ಅಳತೆ ಮೀರಿದ ಹುಟ್ಟು

ಬಸ್ಸು ರಿಪೇರಿ ಶೆಡ್ಡಿನಲ್ಲಿ ಎಲ್ಲರೂ ಅವನನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಕೆಲಸದಲ್ಲಿ ಎತ್ತಿದ ಕೈ. ಸ್ಪ್ಯಾನರ್ ಆಗಲಿ ಜಾಕ್ ಆಗಲಿ, ಹಿಡಿದಾಗ ಕೈಗೆ ಭಾರವೆನಿಸದಿದ್ದರೆ ಅದು ಸಾಮಾನೇ ಅಲ್ಲ ಎನ್ನುವುದು ಅವನ ನಂಬಿಕೆ. ಮನೆಯಲ್ಲೂ ಅಷ್ಟೇ. ಬಕೆಟ್ಟಿನಿಂದ ಬೀಗದವರೆಗೆ ಎಲ್ಲವನ್ನೂ ಅವನೇ ತಟ್ಟಿ, ಬಗ್ಗಿಸಿ ನೋಡಿ ತರಬೇಕು. ಹೆಂಡತಿ ಎದುರಾಡಿದವಳಲ್ಲ.

ಅವಳು ಹೆಂಗಸರ ಕೂದಲು ಕತ್ತರಿಸುವ ಅಂಗಡಿ ನಡೆಸುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಎರಡೂ ತೋಳು ಎತ್ತಿಕೊಂಡೇ ನಿಲ್ಲುವ ಕೆಲಸ. ಊರಾಚೆಯ ಕೆರೆಯಲ್ಲಿ ಉದ್ದನೆಯ ಬೋರ್ಡಿನ ಮೇಲೆ ನಿಂತು, ಒಂದೇ ಹುಟ್ಟು ಹಾಕುತ್ತ ತೇಲುವುದನ್ನು ಅವಳಿಗೆ ಕಲಿಸಿದ್ದು ಗಿರಾಕಿಯೊಬ್ಬಳು. ಕೆಲವು ಭಾನುವಾರ ಇವಳು ನಿಂತಳು, ಬಿದ್ದಳು, ಒದ್ದೆಮುದ್ದೆಯಾಗಿ ನಗುತ್ತ ಮನೆಗೆ ಬಂದಳು. ಆ ಗಿರಾಕಿ ಊರು ಬಿಡುವಾಗ ತನ್ನ ಬೋರ್ಡನ್ನು ಇವಳಿಗೇ ಕೊಟ್ಟುಹೋದಳು. ಹುಟ್ಟು ಮಾತ್ರ ಮುರಿದಿತ್ತು.

"ರೀ, ಒಂದು ಹುಟ್ಟು ತಗೋಬೇಕು. ಜೊತೆಗೆ ಬರ್ತೀರಾ?" ಎಂದಳು.

ತನಗೆಂದು ಅವಳು ಬಾಯಿಬಿಟ್ಟು ಕೇಳಿದ್ದೇ ಅಪರೂಪ. ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟ.

ಆಟದ ಸಾಮಾನಿನ ಅಂಗಡಿಯಾಕೆ ಅವಳನ್ನು ನೆಟ್ಟಗೆ ನಿಲ್ಲಿಸಿದಳು. "ಕೈ ಮೇಲೆತ್ತಿ. ಹುಟ್ಟಿನ ಹಿಡಿ ಮಣಿಕಟ್ಟಿನ ಹತ್ತಿರ ಬಂದ್ರೆ ಸರಿ. ಅದಕ್ಕಿಂತ ಉದ್ದ ಆದ್ರೆ ಭುಜಕ್ಕೆ ತೊಂದರೆ." ಹಾಗೆ ಅಳೆದು, ಚಿಕ್ಕ ಅಲಗಿನ ಸಪೂರ ಹುಟ್ಟೊಂದನ್ನು ಕೈಗಿಟ್ಟಳು. ಹೆಂಡತಿ ಶೂಗಳ ಸಾಲಿನ ನಡುವೆಯೇ ನಿಂತು, ಇಲ್ಲದ ನೀರನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಳ್ಳಿದಳು.

"ಎಷ್ಟು ಹಗುರ ನೋಡಿ! ಬಾಚಣಿಗೆ ಹಿಡಿದ ಹಾಗಿದೆ."

ಮೇಸ್ತ್ರಿ ಅದನ್ನು ಇಸಿದುಕೊಂಡು ಮೊಣಕಾಲಿಗೆ ಒತ್ತಿ ನೋಡಿದ. "ಇದೇನು ಹುಟ್ಟೋ ಹಲ್ಲುಕಡ್ಡಿಯೋ?" ಎಂದವನೇ ಮೂಲೆಯಲ್ಲಿದ್ದ ಅಗಲ ಅಲಗಿನ ಅಲ್ಯೂಮಿನಿಯಂ ಹುಟ್ಟನ್ನು ಎಳೆದ. ಅವಳು ಎತ್ತಿದ ಕೈಗಿಂತಲೂ ಎತ್ತರ. "ಇದು ನೋಡು, ಗಟ್ಟಿ. ಅಲಗು ಅಗಲ ಇದ್ದಷ್ಟೂ ನೀರು ಜಾಸ್ತಿ ತಳ್ಳುತ್ತೆ."

"ತಳ್ಳೋದು ಅವರ ಭುಜ ಅಲ್ವಾ ಸರ್?" ಎಂದಳು ಅಂಗಡಿಯಾಕೆ.

"ನಾನು ಇಂಜಿನ್ ಬಿಚ್ಚಿ ಜೋಡಿಸೋನಮ್ಮ."

"ನಂಗೆ ಅದೇ ಸಾಕಿತ್ತು," ಎಂದಳು ಹೆಂಡತಿ, ಮೆಲ್ಲಗೆ. ಸಂಕೋಚಕ್ಕೆ ಹೇಳುತ್ತಾಳೆಂದು ತಿಳಿದು ಮೇಸ್ತ್ರಿ ಅಲ್ಯೂಮಿನಿಯಂ ಹುಟ್ಟನ್ನೇ ಕೊಂಡ. ತೇಲುವ ಜಾಕೆಟನ್ನೂ ಇರುವುದರಲ್ಲೇ ದಪ್ಪನೆಯದನ್ನು ಆರಿಸಿದ. ಕಾಲಿಗೂ ಬೋರ್ಡಿಗೂ ಕಟ್ಟುವ ಸುರುಳಿ ಹಗ್ಗವನ್ನು ಅಂಗಡಿಯಾಕೆ ತೋರಿಸಿದಾಗ, "ಕಾಲಿಗೆ ಹಗ್ಗ ಹಾಕೋಕೆ ಇವಳೇನು ಕರುನಾ?" ಎಂದು ತಾನೇ ನಕ್ಕು ವಾಪಸ್ಸಿಟ್ಟ.

ಭಾನುವಾರ ದಂಡೆಯಲ್ಲಿ ನಿಂತು ಅವಳನ್ನು ನೋಡುವುದು ಅವನಿಗೆ ಖುಷಿಯಾಗಿತ್ತು. ಪ್ರತಿ ಸಲ ಹುಟ್ಟೆತ್ತುವಾಗಲೂ ಅವಳ ಭುಜ ಕಿವಿಯವರೆಗೆ ಏರುತ್ತಿತ್ತು. ಅದನ್ನು ಕಂಡೂ ಅವನು ಅಭ್ಯಾಸವಾದರೆ ಸರಿಹೋಗುತ್ತದೆ ಎಂದುಕೊಂಡ. ಕೆರೆಯ ನಡುಮಧ್ಯೆ ಇದ್ದಾಗ ಗಾಳಿ ಬೀಸಿತು. ಅವಳು ಆಯ ತಪ್ಪಿ ನೀರಿಗೆ ಬಿದ್ದಳು. ಬೋರ್ಡು ಗಾಳಿಗೆ ಸಿಕ್ಕು ಸರಸರನೆ ದೂರ ಹೋಯಿತು.

ಮೇಸ್ತ್ರಿಗೆ ಈಜು ಬಾರದು. ದಿಕ್ಕು ತೋಚದೆ ಅವನು ಕೂಗಿದ್ದು ಒಂದೇ ಮಾತು: "ಹುಟ್ಟು ಬಿಡಬೇಡ! ಹುಟ್ಟು ಹಿಡ್ಕೋ!"

ಅವಳು ಬಿಡಲಿಲ್ಲ. ಆ ಭಾರವನ್ನು ಬಲಗೈಯಲ್ಲಿ ಎಳೆಯುತ್ತ, ಎಡಗೈಯಿಂದ ನೀರು ಬಡಿಯುತ್ತ ಬಂದಳು. ಪೆಡಲು ದೋಣಿಯಲ್ಲಿದ್ದ ಗಂಡ ಹೆಂಡಿರಿಬ್ಬರು ಹತ್ತಿರ ಬಂದು ಎತ್ತಿಕೊಳ್ಳುವ ಹೊತ್ತಿಗೆ ಬಲಭುಜದೊಳಗೆ ಏನೋ ಹರಿದುಹೋಗಿತ್ತು.

ಅಂಗಡಿ ಮುಚ್ಚಿತು. ಮೇಸ್ತ್ರಿ ಅವಳ ತಲೆ ಬಾಚುವುದನ್ನು ಕಲಿತ. ಗ್ರೀಸ್ ಮೆತ್ತಿದ ಬೆರಳಿಗೆ ಜಡೆ ಬಾರದೆ ಒದ್ದಾಡಿದರೆ ಅವಳು ಕನ್ನಡಿಯಲ್ಲಿ ನೋಡಿ ನಗುತ್ತಿದ್ದಳು. ಒಂದು ಸಲವಾದರೂ ಬೈಯಲಿ ಎಂದು ಕಾದ. ಬೈಯಲಿಲ್ಲ. ತಿಂಗಳುಗಟ್ಟಲೆ ಕಳೆದು ಅಂಗಡಿ ತೆರೆದಾಗ ಗಿರಾಕಿಯ ಕುರ್ಚಿಯನ್ನು ಆದಷ್ಟು ತಗ್ಗಿಸಿಕೊಂಡಳು, ತೋಳು ಮೊದಲಿನಷ್ಟು ಮೇಲೇಳುತ್ತಿರಲಿಲ್ಲ.

ಒಂದು ದಿನ ಮೇಸ್ತ್ರಿ ಯಾರಿಗೂ ಹೇಳದೆ ಹೋಗಿ ಆ ಸಪೂರ ಹುಟ್ಟನ್ನೂ ಸುರುಳಿ ಹಗ್ಗವನ್ನೂ ತಂದು ಅವಳ ಮುಂದಿಟ್ಟ. ಅವಳು ಹುಟ್ಟನ್ನು ಕೈಯಲ್ಲಿ ಹಿಡಿದು ಆಡಿಸಿ, ಗೋಡೆಗೆ ಒರಗಿಸಿದಳು.

"ಚೆನ್ನಾಗಿದೆ. ಆದ್ರೆ ಈಗ ಬೇಡ ರೀ."

"ಡಾಕ್ಟರು ಹೋಗಬಹುದು ಅಂದ್ರಲ್ಲ?"

"ಅಂದ್ರು. ನಂಗೇ ಮನಸ್ಸಿಲ್ಲ."

"ನನ್ನ ಮೇಲೆ ಕೋಪ ಇದ್ರೆ ಹೇಳಿಬಿಡು."

"ಕೋಪ ಅಲ್ಲ. ಅವತ್ತು ನೀರಲ್ಲಿ ಮುಳುಗಿಬಿಡ್ತೀನೇನೋ ಅನ್ನೋದಕ್ಕಿಂತ, ಹುಟ್ಟು ಕಳ್ಕೊಂಡ್ರೆ ನೀವು ಏನಂತೀರೋ ಅನ್ನೋ ಭಯಾನೇ ಜಾಸ್ತಿ ಇತ್ತು. ಕೆರೆ ನೋಡಿದ್ರೆ ಅದೇ ನೆನಪಾಗುತ್ತೆ."

ಅಂಥ ಗಂಡ ತಾನು ಎಂದು ಮೇಸ್ತ್ರಿಗೆ ಅಷ್ಟು ವರ್ಷ ಗೊತ್ತೇ ಇರಲಿಲ್ಲ. ಒಂದು ಕೆಟ್ಟ ಮಾತಾಡಿದವನಲ್ಲ, ಕೈಯೆತ್ತಿದವನಲ್ಲ. ಆದರೂ ಅವಳು ಉಸಿರು ಕಟ್ಟುವಾಗಲೂ ತನಗೆ ಹೆದರಿದ್ದಳು. "ತಪ್ಪಾಯ್ತು" ಎಂದ. ಅವಳು ತಲೆಯಾಡಿಸಿ, ಒಲೆಯ ಮೇಲಿನ ಹಾಲು ನೋಡಲು ಎದ್ದುಹೋದಳು.

ಅವತ್ತು ಆಚೆ ದಂಡೆಗೆ ತೇಲಿಹೋಗಿ ಸಿಕ್ಕಿದ್ದ ಬೋರ್ಡನ್ನೂ ಹೊಸ ಹುಟ್ಟನ್ನೂ ಅವಳು ತನ್ನ ತಂಗಿಗೆ ಕೊಟ್ಟಳು. ಮೇಸ್ತ್ರಿ ಬೇಡವೆನ್ನಲಿಲ್ಲ.

ಆ ವರ್ಷವೇ ಅವಳಿಗೆ ಕನ್ನಡಕ ಬಂತು. ಒಬ್ಬಳೇ ಹೋಗಿ ಕೆಂಪು ಫ್ರೇಮಿನದು ಆರಿಸಿಕೊಂಡು ಬಂದಳು. ಬಾಗಿಲಲ್ಲೇ ಅವಳನ್ನು ಕಂಡ ಮೇಸ್ತ್ರಿ, ಕಪ್ಪು ಒಪ್ಪುತ್ತಿತ್ತು ಎನ್ನಲು ಹೋಗಿ ಮಾತು ನುಂಗಿಕೊಂಡ.

"ಚೆನ್ನಾಗಿದೆ," ಎಂದ.

"ಹೌದು, ನಂಗೂ ಇಷ್ಟ ಆಯ್ತು," ಎಂದು ಅವಳು ಚಪ್ಪಲಿ ಬಿಟ್ಟು ಒಳಗೆ ನಡೆದಳು.